ಐದನೇ ಕ್ಲಾಸಿನ ಹಿಂದಿನ ಗೋಡೆ

ಕಳೆದ ತಿಂಗಳು ನಮ್ಮ ಬೀದಿಯ ಮಾರಮ್ಮನ ಗುಡಿಗೆ ಸುಣ್ಣ ಹೊಡೆಸಿದರು. ಈ ಕಾಲದಲ್ಲಿ ಯಾರು ಸುಣ್ಣ ಹೊಡೆಸುತ್ತಾರೆ ಹೇಳಿ? ಎಲ್ಲರ ಮನೆಗೂ ಡಬ್ಬದ ಬಣ್ಣವೇ. ಆದರೆ ನಮ್ಮ ಪೂಜಾರಪ್ಪನಿಗೆ ಹಟ, ಅಮ್ಮನಿಗೆ ಸುಣ್ಣವೇ ಆಗಬೇಕು ಅಂತ. ಹಳೇ ಡ್ರಮ್ಮಿಗೆ ಸುಣ್ಣದ ಕಲ್ಲು ಹಾಕಿ ನೀರು ಸುರಿದರು, ಕೊತಕೊತ ಕುದಿಯಿತು. ಆ ಬಿಸಿ ವಾಸನೆ ನೆಟ್ಟಗೆ ನಮ್ಮ ಅಡುಗೆಮನೆಗೇ ಬಂತು. ನಾನು ಎದ್ದುಹೋಗಿ ಕಿಟಕಿ ಹಾಕಿದೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಏನು, ಟೀಚರಮ್ಮನಿಗೆ ಮಾರಮ್ಮನ ಮೇಲೂ ಕೋಪವೋ?" ಅಂದರು. ಮೂವತ್ತು ವರ್ಷಕ್ಕೂ ಮೇಲೆ ಸಂಸಾರ ಮಾಡಿದ್ದೇವೆ, ಆದರೂ ಈ ಒಂದು ವಿಷಯ ಅವರಿಗೆ ಹೇಳಿಲ್ಲ. ಹೇಳಿದರೆ "ಇಷ್ಟೇನಾ?" ಅಂದುಬಿಡುತ್ತಾರೆ ಅಂತ ಭಯ. ಇಷ್ಟೇ ಅಲ್ಲ ಅದು.

ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಮೈಸೂರು ರಸ್ತೆಯನ್ನು ಅಗಲ ಮಾಡುತ್ತೇವೆ ಅಂತ ಸಾಲುಮರ ಉರುಳಿಸಿದ್ದ ಕಾಲ. ನನ್ನ ತವರು ಮಾಗಡಿ ತಾಲ್ಲೂಕಿನ ಕಲ್ಯ, ಗಂಡನ ಮನೆ ಅಲ್ಲೇ ತಿಪ್ಪಸಂದ್ರ. ಕೆಲಸ ಸಿಕ್ಕಿದ್ದು ಮಾತ್ರ ಚನ್ನಪಟ್ಟಣದ ಆಚೆ, ಅಕ್ಕೂರಿನ ಕಡೆ, ಬಸ್ಸಿಳಿದು ಅರ್ಧ ಗಂಟೆ ನಡೆಯಬೇಕಾದ ಒಂದು ಊರಲ್ಲಿ. ಊರ ಹೆಸರು ಬೇಡ. ಮೂರು ವರ್ಷದ ಮಗನನ್ನು ಅತ್ತೆಯ ಹತ್ತಿರ ಬಿಟ್ಟು ಚನ್ನಪಟ್ಟಣದಲ್ಲಿ ಒಂದು ರೂಮು ಮಾಡಿಕೊಂಡಿದ್ದೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋದರೆ ಸೋಮವಾರ ಬೆಳಗ್ಗೆ ವಾಪಸ್. ಒಂದು ಸಲ ಪಕ್ಕದ ಮನೆಯವರು ಮಗನನ್ನು "ನಿಮ್ಮಮ್ಮ ಯಾರೋ?" ಅಂತ ಕೇಳಿದ್ದಕ್ಕೆ ಅವನು, "ಶನಿವಾರ ಬತ್ತಾಳಲ್ಲ, ಅವಳು" ಅಂದನಂತೆ. ಅತ್ತೆ ನಗುತ್ತಾ ಹೇಳಿದರು. ನಾನು ಬಚ್ಚಲುಮನೆಗೆ ಹೋಗಿ ಅತ್ತುಬಿಟ್ಟೆ. ಅವತ್ತೇ ಮಾಗಡಿ ಕಡೆಗೆ ವರ್ಗ ಕೇಳಿ ಅರ್ಜಿ ಹಾಕಿದೆ.

ಸ್ಕೂಲು ಎರಡು ರೂಮಿನದು. ಹೆಡ್ಮೇಷ್ಟ್ರು, ನಾನು, ಬಿಸಿಯೂಟ ಮಾಡುವ ಸಾಕಮ್ಮ, ಇಷ್ಟೇ ಜನ. ಆ ವರ್ಷ ಜೂನಿನಲ್ಲಿ ನಮಗೆ ಐದು ದಿನದ ತರಬೇತಿ ಕೊಟ್ಟರು. ಪಾಠ ಪುಸ್ತಕದಲ್ಲಿಲ್ಲ, ಊರಲ್ಲಿದೆ, ಮಕ್ಕಳು ಕಣ್ಣಾರೆ ಕಂಡದ್ದನ್ನು ಬರೆಯಲಿ, ತಮ್ಮ ನೆಲ ನೀರು ಗಾಳಿಯನ್ನು ತಾವೇ ಕಾಯುವ ಹಾಗೆ ಬೆಳೆಯಲಿ, ಅಂತೆಲ್ಲ ಹೇಳಿದರು. ಮಿಕ್ಕವರು ಕೇಸರಿಬಾತು ತಿಂದು ಮರೆತರು. ನನಗೆ ಮಾತ್ರ ಹುಚ್ಚು ಹಿಡಿಯಿತು. ಚಿಕ್ಕ ವಯಸ್ಸು, ನಾನೊಬ್ಬಳೇ ಲೋಕ ತಿದ್ದಿಬಿಡುತ್ತೇನೆ ಅನ್ನುವ ಠೇಂಕಾರ ಬೇರೆ.

ಮೊದಲನೇ ದಿನ ಐದನೇ ಕ್ಲಾಸಿನ ಹನ್ನೊಂದು ಮಕ್ಕಳನ್ನು ಸ್ಕೂಲಿನ ಮುಂದಿನ ಮರದ ಕೆಳಗೆ ನಿಲ್ಲಿಸಿ, "ಇದನ್ನ ಚೆನ್ನಾಗಿ ನೋಡಿ, ಏನು ಕಾಣುತ್ತೆ ಹೇಳಿ" ಅಂದೆ. ಅವು ಮುಖಮುಖ ನೋಡಿಕೊಂಡವು. "ಹೊಂಗೆ ಮರ ಟೀಚರ್. ಮೊದ್ಲಿಂದ್ಲೂ ಇಲ್ಲೇ ಐತೆ" ಅಂದಿತು ಒಂದು. ಅಲ್ಲಿಗೆ ನನ್ನ ಪಾಠ ಮುಗಿಯಿತು. ಏನು ಮಾಡೋದು ಅಂತ ತೋಚದೆ, ನಿಮ್ಮೂರಲ್ಲಿ ಎಲ್ಲರೂ ರೇಷ್ಮೆ ಹುಳ ಸಾಕ್ತಾರಲ್ಲ, ಅದರ ಬಗ್ಗೆ ಹೇಳಿ, ನಾನು ರಾಗಿ ಅವರೆ ಬೆಳೆಯೋ ಕಡೆಯವಳು, ನನಗೆ ಒಂದೂ ಗೊತ್ತಿಲ್ಲ ಅಂದೆ. ಅಷ್ಟೇ ಸಾಕಾಯಿತು. "ಟೀಚರ್‌ಗೆ ಹುಳ ಗೊತ್ತಿಲ್ವಂತೆ ಕಣ್ರೋ!" ಅಂತ ಜಯಲಕ್ಷ್ಮಿ ಕೂಗಿದಳು. ಎಲ್ಲರಿಗೂ ಅವಳು ಜಯಿ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಮುಂದಿನ ಹಲ್ಲು ಒಂದು ಒಸಿ ಮುರಿದಿತ್ತು, ಬಾಯಿ ಅಂದರೆ ಬಾಯಿ. ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತವೆ ಅಂದಳು. "ಪಾಪ, ಮಾತ್ರೆ ಕೊಡ್ತೀರಾ?" ಅಂದೆ. ಹನ್ನೊಂದೂ ಮಕ್ಕಳು ನೆಲದ ಮೇಲೆ ಬಿದ್ದು ನಕ್ಕವು. ಜಯಿಯೇ ನನ್ನ ಮೇಲೆ ಕರುಣೆ ತೋರಿ ಬಿಡಿಸಿ ಹೇಳಿದಳು: "ಆ ಜ್ವರ ಅಲ್ಲ ಟೀಚರ್. ಒಂದಿನ ಸೊಪ್ಪು ತಿನ್ನದೆ ತಲೆ ಎತ್ಕೊಂಡು ಸುಮ್ನೆ ಕೂತ್ಕತವೆ. ಆಮೇಲೆ ಹಳೇ ಚರ್ಮ ಬುಟ್ಬುಟ್ಟು ಎದ್ದೇಳ್ತವೆ."

ಆಮೇಲೆ ನೋಡಿ, ಪಾಠ ಮಾಡುವವರು ಅವರು, ಕೇಳುವವಳು ನಾನು. ನಮ್ಮ ರೂಮಿನ ಹಿಂದಿನ ಗೋಡೆ ಖಾಲಿ ಇತ್ತು. ಅದರ ಮೇಲೆ ಊರಿನ ನಕ್ಷೆ ಬರೆಯೋಣ ಅಂದೆ. ಇದ್ದಲಲ್ಲಿ ದಾರಿ ಎಳೆದರು, ಅವರೆ ಸೊಪ್ಪು ಅರೆದು ಹಿಪ್ಪುನೇರಳೆ ತೋಟಗಳಿಗೆ ಹಸಿರು ಬಳಿದರು. ಪಡುವಲಲ್ಲಿ ಕೆರೆ. ಮೂಡಲಲ್ಲಿ, ಎರಡು ವರ್ಷದ ಹಿಂದೆ ಎದ್ದಿದ್ದ ಇಟ್ಟಿಗೆ ಫ್ಯಾಕ್ಟರಿಯ ಚಿಮಣಿ. ಬೆಂಗಳೂರು ಬೆಳೆಯುತ್ತಿತ್ತಲ್ಲ, ಅದಕ್ಕೆ ಇಟ್ಟಿಗೆ ನಮ್ಮ ಕಡೆಯಿಂದ ಹೋಗುತ್ತಿತ್ತು. ಮನೆಮನೆಯ ಹುಳದ ಬೆಳೆ ಹೇಗಾಯಿತು ಅಂತ ಗುರುತು ಹಾಕೋಣ, ಚೆನ್ನಾಗಿ ಬಂದರೆ ಬಿಳಿ ಚುಕ್ಕೆ, ಕೆಟ್ಟರೆ ಕೆಮ್ಮಣ್ಣಿನ ಚುಕ್ಕೆ ಅಂದೆ. ಅದಕ್ಕೆ "ಹುಳದ ಲೆಕ್ಕ" ಅಂತ ಮಕ್ಕಳೇ ಹೆಸರಿಟ್ಟರು.

ಒಂದು ವಾರ ಕಳೆದರೂ ಗೋಡೆ ತುಂಬ ಬರೀ ಬಿಳಿ ಚುಕ್ಕೆ. ನನಗೋ ಖುಷಿ, ಊರೆಲ್ಲ ಚೆನ್ನಾಗಿದೆ ಅಂತ! ಎಂಥ ಪೆದ್ದಿ ನಾನು.

ಆ ದಿನಗಳಲ್ಲೇ ಜಯಿ ತಲೆ ಬಾಚದೆ ಬರತೊಡಗಿದಳು. ಎರಡು ಜಡೆ ಹೋಗಿ ಒಂದಾಯಿತು, ಆಮೇಲೆ ಅದೂ ಹೋಗಿ ರಬ್ಬರ್ ಬ್ಯಾಂಡ್. ಕೇಳಿದರೆ, "ಅವ್ವ ಊರ್ಗೆ ಹೋಗವ್ಳೆ" ಅಂದು ಬಾಯಿ ಮುಚ್ಚಿಕೊಂಡಳು. ಬಾಯಿ ಮುಚ್ಚುವ ಹುಡುಗಿಯಲ್ಲ ಅದು. ಸಾಕಮ್ಮನನ್ನು ವಿಚಾರಿಸಿದೆ. ಅವಳು ಸೌಟು ಕೆಳಗಿಟ್ಟು, ಆಚೆ ಈಚೆ ನೋಡಿ ಹೇಳಿದಳು: ಜಯಿಯ ಮನೆಯಲ್ಲಿ ಮೂರು ಬೆಳೆ ಸಾಲಾಗಿ ಕೆಟ್ಟಿತ್ತು. ಹುಳದ ಮನೆ ಅಂದರೆ ಇಲ್ಲಿ ದೇವರ ಮನೆಯ ಹಾಗೆ, ಹೊರಗಾದ ಹೆಂಗಸರು ಹೊಸಿಲು ದಾಟೋ ಹಾಗಿಲ್ಲ. ಜಯಿಯ ತಾಯಿ ಮಂಗಳ ಹೊರಗಾದದ್ದನ್ನು ಮುಚ್ಚಿಟ್ಟು ಒಳಗೆ ಹೋಗಿ ಸೊಪ್ಪು ಹಾಕಿದ್ದಾಳೆ ಅಂತ ಅತ್ತೆ ಹಟ ಹಿಡಿದಿದ್ದಳು. ಮಂಗಳ ಇಲ್ಲ ಅಂತ ಆಣೆ ಮಾಡಿದರೂ ಕೇಳಲಿಲ್ಲ. ಕೈಗೂಸಿನ ಜೊತೆ ಅವಳನ್ನು ಕನಕಪುರದ ಕಡೆಯ ತವರಿಗೆ ಕಳಿಸಿಬಿಟ್ಟಿದ್ದರು.

"ಮತ್ತೆ ಬೇರೆ ಯಾರ ಮನೇಲೂ ಕೆಟ್ಟಿಲ್ವಾ?" ಅಂದೆ.

"ಕೆಟ್ಟಿದ್ರೆ ಯಾರವ್ವ ಹೇಳ್ಕತಾರೆ?" ಅಂದಳು ಸಾಕಮ್ಮ. "ಹುಳ ಕೆಟ್ವು ಅಂತ ಬಾಯ್ ಬುಟ್ರೆ ಮುಂದ್ಲ ಬೆಳೇನೂ ಕೆಡ್ತದೆ ಅಂತಾರೆ. ಯಾರೂ ನೋಡ್ದಿರೋ ಹೊತ್ನಲ್ಲಿ ತಿಪ್ಪೇಲಿ ಗುಂಡಿ ತೆಗ್ದು ಮುಚ್ಬುಟ್ಟು ಬತ್ತಾರೆ. ಕೇಳಿದ್ರೆ, ಪರ್ವಾಗಿಲ್ಲ ಕಣವ್ವ, ಏನೋ ಆಯ್ತು ಅಂತಾರೆ."

ನನಗೆ ಆಗ ತಲೆಗೆ ಹೋಯಿತು. ಮಾರನೇ ದಿನ ಮಕ್ಕಳಿಗೆ, "ಕಂಡದ್ದನ್ನ ಕಂಡ ಹಾಗೆ ಬರೀಬೇಕು. ಗೋಡೆ ಮೇಲೆ ಸುಳ್ಳು ಬರೆಯೋದಾದ್ರೆ ಅಳಿಸಿಬಿಡೋಣ" ಅಂದೆ. ಹೌದು, ಇದೇ ಬಾಯಲ್ಲಿ ಅಂದೆ. ಯಾರೂ ಅಲ್ಲಾಡಲಿಲ್ಲ. "ಹೇಳ್ಬಾರ್ದಂತೆ ಟೀಚರ್" ಅಂತ ಹಿಂದಿನಿಂದ ಒಂದು ಧ್ವನಿ ಬಂತು. ಆಗ ಜಯಿ ಎದ್ದಳು. ಕೆಮ್ಮಣ್ಣಿನ ಬಟ್ಟಲಿಗೆ ಬೆರಳು ಅದ್ದಿ, ತನ್ನ ಮನೆಯ ಬಿಳಿ ಚುಕ್ಕೆಯ ಮೇಲೆ ಒತ್ತಿದಳು. ಒಂದಲ್ಲ, ಮೂರು. ಒತ್ತಿ ತಿರುಗಿ ನಿಂತು, "ಈಗ ನೀವೂ ಹಾಕ್ರೋ" ಅಂದಳು. ಒಬ್ಬೊಬ್ಬರೇ ಎದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಗೋಡೆಯ ಮೂಡಲ ಭಾಗವೆಲ್ಲ ಕೆಂಪು. ಕೆರೆಯ ಕಡೆ ತೋಟ ಇದ್ದವರ ಮನೆಗಳು ಮಾತ್ರ ಬಿಳಿ. ಮಕ್ಕಳು ತಟ್ಟೆ ಹಿಡಿದುಕೊಂಡೇ ಬಂದು ಗೋಡೆ ನೋಡುತ್ತಾ ನಿಂತವು. ಬೆಳೆ ಕೆಟ್ಟ ಮನೆಯವರದೆಲ್ಲ ಫ್ಯಾಕ್ಟರಿ ಹೊಗೆ ಬೀಳುವ ತೋಟದ ಸೊಪ್ಪು. ಒಂದೊಂದು ಮನೆಯವರೂ ತಮಗೊಬ್ಬರಿಗೇ ಹೀಗಾಯಿತು ಅಂದುಕೊಂಡು, ಒಳಗೊಳಗೇ ತಮ್ಮ ಮನೆ ಹೆಂಗಸರನ್ನು ಹಿಡಿದು ಬೈಯುತ್ತಿದ್ದರು. ಬಾಯಿ ಬಿಟ್ಟು ಹೇಳಿಕೊಂಡಿದ್ದರೆ ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು.

ಆದರೂ ನಾನು ಆತುರಪಡಲಿಲ್ಲ, ಅದನ್ನು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಹುದು. ಪರೀಕ್ಷೆ ಮಾಡಿ ನೋಡೋಣ ಅಂದೆ. ಒಂದೇ ಮನೆಯಿಂದ ಎಳೇ ಹುಳ ತಂದು ಎರಡು ಬಿದಿರು ತಟ್ಟೆಗೆ ಹಂಚಿದೆವು. ಒಂದಕ್ಕೆ ಕೆರೆ ಕಡೆ ಸೊಪ್ಪು, ಇನ್ನೊಂದಕ್ಕೆ ಫ್ಯಾಕ್ಟರಿ ಕಡೆ ಸೊಪ್ಪು. ಹುಳಕ್ಕೆ ರೋಗ ತಗಲದಿರಲಿ ಅಂತ ರೂಮಿನ ಬಾಗಿಲಿಗೆ ಸುಣ್ಣದ ಪುಡಿ ಹಾಕಿದ ಗೋಣಿತಾಟು, ತುಳಿದು ಒಳಗೆ ಬರಬೇಕು. ಹೆಡ್ಮೇಷ್ಟ್ರು ನಶ್ಯ ಹಾಕಿಕೊಂಡು ಬಂದರೆ ಜಯಿ ಬಾಗಿಲಲ್ಲೇ ತಡೆದು ನಿಲ್ಲಿಸುತ್ತಿದ್ದಳು. "ಹುಳಕ್ಕಾಗಲ್ಲ ಸಾರ್, ಕೈ ತೊಳ್ಕೊಂಡ್ ಬನ್ನಿ." ಪಾಪ ಅವರು ತೊಳೆದುಕೊಂಡು ಬರುತ್ತಿದ್ದರು. ಭಾನುವಾರವೂ ಮಕ್ಕಳು ಸರದಿ ಮೇಲೆ ಬಂದು ಸೊಪ್ಪು ಹಾಕಿದರು. ಎರಡನೇ ಜ್ವರದವರೆಗೆ ಎರಡು ತಟ್ಟೆಯೂ ಒಂದೇ ಥರ. ಮೂರನೆಯದಕ್ಕೆ ಫ್ಯಾಕ್ಟರಿ ಕಡೆ ಸೊಪ್ಪು ತಿಂದವು ಹಿಂದುಮುಂದಾದವು, ಒಂದು ದಪ್ಪ, ಒಂದು ಸಣ್ಣ. ನಾಲ್ಕನೆಯದಕ್ಕೆ ಕೂತ ಎಷ್ಟೋ ಹುಳ ಏಳಲೇ ಇಲ್ಲ. ಇನ್ನೊಂದು ತಟ್ಟೆಯವು ಬಲಿತು ಹಣ್ಣಾಗಿ, ಸಾಕಮ್ಮ ಕೊಟ್ಟ ಹಳೇ ಚಂದ್ರಿಕೆಯ ಬಿದಿರು ಸುರುಳಿಯೊಳಗೆ ಗೂಡು ಕಟ್ಟಿದವು. ಜಯಿ ದಿನವೂ ಎಣಿಸಿ ಗೋಡೆಗೆ ಗೀಟು ಎಳೆದಳು. ಕೊನೇ ಗೀಟು ಎಳೆದು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಟೀಚರ್, ಇದ್ನ ನಮ್ಮಪ್ಪ, ಅಜ್ಜಿ ನೋಡಿದ್ರೆ ಅವ್ವನ್ನ ಕರ್ಕೊಂಡ್ ಬತ್ತಾರಾ?"

"ಬತ್ತಾರೆ ಕಣೆ. ನಾನೇ ಹೇಳ್ತೀನಿ ಅವರಿಗೆ" ಅಂದೆ. ಅವಳ ಮುರಿದ ಹಲ್ಲು ಕಾಣಿಸಿತು, ಎಷ್ಟೋ ದಿನದ ಮೇಲೆ.

ದೀಪಾವಳಿ ಆದ ಮೇಲಿನ ಸೋಮವಾರ ಪೋಷಕರ ಸಭೆ ಇತ್ತು. ಜಯಿ ದಿನಕ್ಕೊಂದು ಸುದ್ದಿ ತರುತ್ತಿದ್ದಳು. ಅಪ್ಪ ಬರ್ತೀನಿ ಅಂದ. ಅಜ್ಜಿ ಬರಲ್ಲ ಅಂದಳು. ಅಜ್ಜಿಯೂ ಬರ್ತಾಳಂತೆ, ಗೋಡೆ ಮೇಲೆ ಅದೇನು ಬರೆದಿದ್ದೀರೋ ನೋಡೇಬಿಡ್ತೀನಿ ಅಂದಳಂತೆ.

ಶುಕ್ರವಾರ ಹೆಡ್ಮೇಷ್ಟ್ರು ನನ್ನನ್ನು ಕರೆದರು. ಮುಖ ಅರಳಿತ್ತು. ಫ್ಯಾಕ್ಟರಿಯವರು ಮಕ್ಕಳಿಗೆ ಡೆಸ್ಕು ಕೊಡುತ್ತಾರೆ, ಸೋಮವಾರವೇ ಸಮಾರಂಭ, ಬಿಇಓ ಸಾಹೇಬರೂ ಬರುತ್ತಾರೆ ಅಂದರು. ಆಮೇಲೆ ನನ್ನ ರೂಮಿಗೆ ಬಂದು ಹಿಂದಿನ ಗೋಡೆಯ ಮುಂದೆ ನಿಂತರು. ತುಂಬ ಹೊತ್ತು ನೋಡಿದರು.

"ಚೆನ್ನಾಗಿ ಮಾಡಿಸಿದ್ದೀರಿ ಮೇಡಂ. ಆದ್ರೆ ಇದು ಇಲ್ಲಿದ್ರೆ ಅವರನ್ನ ಕರೆದು ಕೂರಿಸಿ ಅವಮಾನ ಮಾಡಿದ ಹಾಗಾಗುತ್ತೆ."

"ನಿಜಾನೇ ಬರೆದಿದೆಯಲ್ಲ ಸಾರ್."

"ನಿಜಾನೇ. ನಿಮ್ಮ ವರ್ಗದ ಅರ್ಜಿ ಸಾಹೇಬರ ಟೇಬಲ್ ಮೇಲಿದೆ. ಹೆದರಿಸ್ತಾ ಇಲ್ಲ, ನೆನಪು ಮಾಡ್ತಾ ಇದ್ದೀನಿ ಅಷ್ಟೆ."

ಅವರನ್ನು ಕೆಟ್ಟವರು ಅನ್ನೋಕೆ ನನಗೆ ಬಾಯಿ ಬರುವುದಿಲ್ಲ. ಮಕ್ಕಳು ಚಳಿಯಲ್ಲಿ ಬರೀ ನೆಲದ ಮೇಲೆ ಕೂರುತ್ತಿದ್ದವು, ಡೆಸ್ಕಿಗಾಗಿ ಅವರು ಆಫೀಸುಗಳ ಮೆಟ್ಟಿಲು ಸವೆಸಿದ್ದರು. ಇನ್ನು ನನ್ನನ್ನು ಏನನ್ನಲಿ? ನಕ್ಷೆಯನ್ನು ಕಾಗದದ ಮೇಲೆ ಇಳಿಸಿಕೊಳ್ಳಬಹುದಿತ್ತು. ಜಯಿಯ ಮನೆಗೆ ಹೋಗಿ ಕೂತು ಹೇಳಬಹುದಿತ್ತು. ಅದೊಂದೂ ನನಗೆ ಹೊಳೆಯಲಿಲ್ಲ, ಹೊಳೆಯಲು ನಾನು ಬಿಡಲಿಲ್ಲ. ನನ್ನ ಕಿವಿಯಲ್ಲಿ ಇದ್ದದ್ದು ಒಂದೇ ಮಾತು, ಶನಿವಾರ ಬತ್ತಾಳಲ್ಲ, ಅವಳು.

ಶನಿವಾರ ಮಕ್ಕಳನ್ನು ಬೇಗ ಮನೆಗೆ ಕಳಿಸಿ, ಬಾಗಿಲಿಗೆ ಅಂತ ತಂದಿದ್ದ ಅದೇ ಸುಣ್ಣದಲ್ಲಿ ಉಳಿದಿದ್ದ ಕಲ್ಲು ಕುದಿಸಿ, ನಾನೇ ಸೆರಗು ಸಿಕ್ಕಿಸಿ ಹೊಡೆದೆ. ಸಾಕಮ್ಮ ಬಕೆಟ್ಟು ಹಿಡಿದು ನಿಂತಿದ್ದಳು. ಇದ್ದಲು ಹೋಯಿತು, ಹಸಿರು ಹೋಯಿತು. ಕೆಮ್ಮಣ್ಣು ಮಾತ್ರ ಹೋಗಲೊಲ್ಲದು. ಜಯಿಯ ಮನೆಯ ಮೇಲೆ ಮೂರು ಸಲ ಹೊಡೆಯಬೇಕಾಯಿತು. ಕೈ ತೊಳೆದುಕೊಂಡು ಮೂರು ಗಂಟೆಯ ಬಸ್ಸಿಗೆ ತಿಪ್ಪಸಂದ್ರಕ್ಕೆ ಹೋದೆ.

ಸೋಮವಾರ ಕ್ಲಾಸಿಲ್ಲ, ಅಂಗಳದಲ್ಲೇ ಹಾರ, ಭಾಷಣ, ಚಪ್ಪಾಳೆ. ಹೊಸ ಡೆಸ್ಕಿನ ಪೇಂಟು ಇನ್ನೂ ಅಂಟುತ್ತಿತ್ತು. ಸಭೆ ಮುಗಿದು ಎಲ್ಲರೂ ಟೀ ಕುಡಿಯುತ್ತಿದ್ದಾಗ ಜಯಿ ಅಪ್ಪ ಮತ್ತು ಅಜ್ಜಿಯ ಕೈ ಹಿಡಿದುಕೊಂಡು ನಮ್ಮ ರೂಮಿನೊಳಗೆ ಬಂದಳು. ಗೋಡೆ ನೋಡಿ ಹಾಗೇ ನಿಂತುಬಿಟ್ಟಳು.

"ಎಲ್ಲೈತವ್ವ? ಬರೀ ಸುಣ್ಣ ಐತಲ್ಲ" ಅಂದಳು ಅಜ್ಜಿ.

"ಟೀಚರ್, ಹೇಳಿ ಟೀಚರ್" ಅಂತ ಜಯಿ ನನ್ನ ಕಡೆ ತಿರುಗಿದಳು. "ಫ್ಯಾಕ್ಟರಿ ಕಡೆ ಸೊಪ್ಪಿಂದ ಹಿಂಗಾಗಿದ್ದು, ಅವ್ವನಿಂದ ಅಲ್ಲ ಅಂತ ಹೇಳಿ."

ಬಿಇಓ ಸಾಹೇಬರು ಬಾಗಿಲ ಹತ್ತಿರವೇ ಇದ್ದರು, ಕೈಯಲ್ಲಿ ಬಿಸ್ಕತ್ತು. ಅವರ ಪಕ್ಕ ಫ್ಯಾಕ್ಟರಿಯವರು. ನಾನು ನಕ್ಕೆ. ನಕ್ಕು, "ಅದು ಸರಿಯಾಗಿರಲಿಲ್ಲ ಜಯಿ. ನಮ್ಮ ಲೆಕ್ಕ ತಪ್ಪಿತ್ತು" ಅಂದೆ.

ಜಯಿ ನನ್ನನ್ನೇ ನೋಡಿದಳು. "ಎಲ್ಲಿ ತಪ್ಪಿತ್ತು ಟೀಚರ್?"

ಹಾಗೆ ಕೇಳೋದನ್ನು ಕಲಿಸಿದವಳು ನಾನೇ. ತಪ್ಪು ಅಂದರೆ ಸಾಲದು, ಎಲ್ಲಿ ತಪ್ಪಿತು ಅಂತ ಕೇಳಬೇಕು ಅಂತ.

"ಆಮೇಲೆ ಹೇಳ್ತೀನಿ" ಅಂದೆ. ಅಜ್ಜಿ ಮಗನ ಮುಖ ನೋಡಿ, "ನಾನ್ ಹೇಳ್ನಿಲ್ವಾ?" ಅಂದು ಮೊಮ್ಮಗಳ ಕೈ ಹಿಡಿದು ಹೊರಟಳು.

ಆಮೇಲೆ ನಾನು ಹೇಳಲಿಲ್ಲ. ಜಯಿಯೂ ಕೇಳಲಿಲ್ಲ. ಹೊಸ ಡೆಸ್ಕಿನಲ್ಲಿ ಕೂತು ಬೋರ್ಡಿನ ಮೇಲಿದ್ದದ್ದನ್ನು ದುಂಡಗೆ ಬರೆದುಕೊಳ್ಳುತ್ತಿದ್ದಳು, ಅಷ್ಟೆ. ಸಂಕ್ರಾಂತಿಯ ಹೊತ್ತಿಗೆ ನನಗೆ ವರ್ಗವಾಯಿತು. ಮಗ ಖುಷಿಯಿಂದ ಬೀದಿಯೆಲ್ಲ ಓಡಾಡಿದ.

ಮಂಗಳ ಯುಗಾದಿ ಕಳೆದ ಮೇಲೆ ಗಂಡನ ಮನೆಗೆ ವಾಪಸ್ ಬಂದಳು ಅಂತ ಒಂದು ಸಲ ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಸಾಕಮ್ಮ ಹೇಳಿದಳು. ಹುಳದ ಮನೆಗೆ ಮಾತ್ರ ಬಿಟ್ಟುಕೊಳ್ಳಲಿಲ್ಲವಂತೆ. ಮೂಡಲ ತೋಟಗಳನ್ನು ಜನ, "ನಮಗೆ ಆಗಿಬರಲಿಲ್ಲ" ಅಂತ ಒಬ್ಬೊಬ್ಬರಾಗಿ ಆ ಫ್ಯಾಕ್ಟರಿಗೇ ಮಾರಿದರಂತೆ. ಎಷ್ಟೋ ವರ್ಷದ ಮೇಲೆ ಒಂದು ಮದುವೆ ಊಟದಲ್ಲಿ ಪಕ್ಕ ಕೂತಿದ್ದ ರೇಷ್ಮೆ ಇಲಾಖೆಯವರೊಬ್ಬರು ಮಾತಿಗೆ ಮಾತು ಬಂದು, "ಇಟ್ಟಿಗೆ ಸುಡೋ ಹೊಗೆ ಬಿದ್ದ ಸೊಪ್ಪು ಹುಳಕ್ಕೆ ವಿಷ ಮೇಡಂ, ಗೊತ್ತಿರೋ ವಿಷಯಾನೇ" ಅಂದರು. ಎಲೆಯಲ್ಲಿದ್ದ ಹೋಳಿಗೆಯನ್ನು ಹಾಗೇ ಬಿಟ್ಟು ಎದ್ದೆ. ಆಗಲೂ ಹೋಗಿ ಹೇಳಲಿಲ್ಲ.

ಗುಡಿಗೆ ಸುಣ್ಣ ಹೊಡೆದ ಮೂರನೇ ದಿನ ಯಜಮಾನರಿಗೆ ನೆಂಟರ ಮನೆ ಅಂತ ಸುಳ್ಳು ಹೇಳಿ ಆ ಊರಿಗೆ ಬಸ್ಸು ಹತ್ತಿದೆ. ಮೂಡಲ ಕಡೆ ಈಗ ತೋಟವಿಲ್ಲ, ಉದ್ದಕ್ಕೂ ಗೋಡೌನು. ಚಿಮಣಿ ಹೊಗೆಯಿಲ್ಲದೆ ನಿಂತಿದೆ. ಸ್ಕೂಲಿನ ಹಿಂದಿನ ಗೋಡೆಗೆ ಜಿರಾಫೆ, ಸಿಂಹದ ಚಿತ್ರ ಬರೆಸಿದ್ದಾರೆ. ಜಯಿಯನ್ನು ಅದೇ ಊರಿಗೆ, ಕೆರೆ ಕಡೆ ತೋಟ ಇರುವ ಮನೆಗೆ ಕೊಟ್ಟಿದ್ದರು. ನನ್ನನ್ನು ನೋಡಿದ್ದೇ ಸೊಪ್ಪಿನ ಮಂಕರಿ ಇಳಿಸಿ, "ಟೀಚರ್!" ಅಂತ ಓಡಿಬಂದು ಕಾಲು ಮುಟ್ಟಿದಳು. ಆ ಹಲ್ಲು ಹಾಗೇ ಇತ್ತು.

ಜಗಲಿಯ ಒಂದು ಮೂಲೆಯಲ್ಲಿ ಹನ್ನೆರಡು ಹದಿಮೂರರ ಹುಡುಗಿಯೊಂದು ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡು ಊಟಕ್ಕೆ ಕೂತಿತ್ತು.

"ಮಗಳು ಟೀಚರ್. ಹೊರಗಾಗವ್ಳೆ. ಹುಳ ನಾಲ್ಕನೇ ಜ್ವರಕ್ಕೆ ಕೂತವೆ, ಅದ್ಕೇ ಆಕಡೆ ಕೂರ್ಸಿದೀನಿ."

"ನೀನೂ ಇದನ್ನ ನಂಬ್ತೀಯೇನೆ ಜಯಿ?"

"ನಂಬ್ದೆ ಏನ್ಮಾಡ್ಲಿ? ಅವತ್ತು ಗೋಡೆ ಮೇಲೆ ಏನೇನೋ ಬರ್ದು, ಫ್ಯಾಕ್ಟರಿ ಕಡೆ ಸೊಪ್ಪಿಂದ ಅಂದ್ಕೊಂಡಿದ್ವಿ. ನೀವೇ ಹೇಳಿದ್ರಲ್ಲ, ಲೆಕ್ಕ ತಪ್ಪು ಅಂತ." ಅವಳ ಮಾತಿನಲ್ಲಿ ಚುಚ್ಚುವುದು ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಅವ್ವ ವಾಪಸ್ ಬಂದ್ಮೇಲೂ, ನಾನ್ ಹೊರಗಾಗಿ ಹುಳದ್ ಮನೆಗೆ ಹೋಗಿರ್ನಿಲ್ಲ ಕಣೆ, ನಾನ್ ಹೋಗಿರ್ನಿಲ್ಲ ಕಣೆ ಅಂತಿದ್ಲು. ನಾನೇ ಒಂದಿನ, ಸುಮ್ನಿರವ್ವ, ಟೀಚರೇ ಹೇಳವ್ರೆ ಅಂದೆ. ಆಮೇಲೆ ಆ ಮಾತು ಎತ್ಲಿಲ್ಲ ಅವ್ಳು."

ಅವಳು ಕೊಟ್ಟಿದ್ದ ಕಾಫಿ ಲೋಟ ಕೆಳಗಿಟ್ಟೆ.

"ಲೆಕ್ಕ ಸರಿಯಿತ್ತು ಜಯಿ. ಎಲ್ಲಿ ತಪ್ಪಿತ್ತು ಅಂತ ಕೇಳಿದ್ಯಲ್ಲ, ಎಲ್ಲೂ ತಪ್ಪಿರಲಿಲ್ಲ. ನನ್ನ ವರ್ಗ ಎಲ್ಲಿ ತಪ್ಪಿಹೋಗುತ್ತೋ ಅಂತ ಸುಳ್ಳು ಹೇಳಿದೆ. ಸುಣ್ಣ ಹೊಡೆದವಳೂ ನಾನೇ. ನಿಮ್ಮವ್ವ ಏನೂ ಮಾಡಿರಲಿಲ್ಲ."

ಜಯಿ ಮಂಕರಿಯಿಂದ ಒಂದು ಸೊಪ್ಪಿನ ಕಡ್ಡಿ ತೆಗೆದು, ಅದರ ಎಲೆಗಳನ್ನು ಒಂದೊಂದಾಗಿ ಕೊನೆಯವರೆಗೂ ಬಿಡಿಸಿದಳು. ಬೈಯಲಿ, ಎದ್ದು ಹೋಗು ಅನ್ನಲಿ ಅಂತ ನಾನು ಕಾದೆ.

"ಅವ್ವ ತೀರ್ಕೊಂಡು ಮೂರ್ ವರ್ಷ ಆಯ್ತು ಟೀಚರ್" ಅಂದಳು. "ಈಗ ಇದ್ನ ಯಾರ್ಗೆ ಹೇಳ್ಲಿ?"

ನಾನು ತಲೆ ಎತ್ತಿದೆ. ಜಗಲಿಯ ಮೂಲೆಯಲ್ಲಿ ಹುಡುಗಿ ತುತ್ತು ಕೈಯಲ್ಲೇ ಹಿಡಿದು ನಮ್ಮಿಬ್ಬರನ್ನೂ ನೋಡುತ್ತಾ ಕೂತಿತ್ತು.